ಠಣ್ ಅನ್ನದ ಇಟ್ಟಿಗೆ

ನನ್ನ ಪಿಎಚ್‌.ಡಿ ಥೀಸಿಸ್‌ನ ನಾಲ್ಕನೇ ಅಧ್ಯಾಯ ಎರಡು ವಾರ ಕಸದ ಬಕೆಟ್‌ನಲ್ಲಿ ಬಿದ್ದಿತ್ತು. ಹಾಕಿದವಳು ನಾನೇ. ಹಾಕೋಕೆ ಕಾರಣ ನಮ್ಮಪ್ಪ. ಇದನ್ನು ಅವನ ಎದುರು ಹೇಳಿದರೆ "ನಾ ಏನ್ ಮಾಡೀನಿ ತಾಯಿ?" ಅಂತಾನೆ. ಅದೂ ನಿಜವೇ. ಪಾಪ, ಆ ಹೊತ್ತಿಗೆ ಅವನು ಸಾವಿರ ಕಿಲೋಮೀಟರ್ ಆಚೆ ಮನೆ ಅಂಗಳದಲ್ಲಿ ಮಲಗಿದ್ದ.

ನಮ್ಮೂರು ವಾಡಿ ಹತ್ತಿರ. ಮುಂಬೈ ಕಡೆಯಿಂದ ಬರುವ ರೈಲುಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ರಾಯಚೂರು ಕಡೆ, ಇನ್ನೊಂದು ಸಿಕಂದರಾಬಾದ್ ಕಡೆ. ಶಹಾಬಾದ್, ಸೇಡಂ, ಮಳಖೇಡ, ಎಲ್ಲಿ ಅಗೆದರೂ ಸುಣ್ಣಕಲ್ಲು. ಪದರು ಪದರಾಗಿ ಏಳುವ ಕಲ್ಲು ಫರ್ಸಿಯಾಗಿ ಮನೆಗಳ ನೆಲಕ್ಕೆ ಹೋಗುತ್ತದೆ. ಇನ್ನೊಂದಷ್ಟು ಸಿಮೆಂಟ್ ಫ್ಯಾಕ್ಟರಿಗಳ ಹೊಟ್ಟೆಗೆ. ಅಪ್ಪ ಆ ಫ್ಯಾಕ್ಟರಿಗಳಲ್ಲಿ ಕಿಲ್ನ್‌ಗೆ ಇಟ್ಟಿಗೆ ಕಟ್ಟುತ್ತಿದ್ದ. ಕಂಪನಿ ನೌಕರಿ ಏನಲ್ಲ. ಗುತ್ತೇದಾರನ ಕೈಕೆಳಗೆ. ಕಿಲ್ನ್ ಬಂದ್ ಆದಾಗ ಹಗಲುರಾತ್ರಿ ಕೆಲಸ, ಓಡುತ್ತಿದ್ದಾಗ ಮನೆಯಲ್ಲಿ ಕೂರೋದು.

ಸಿಮೆಂಟ್ ಕಿಲ್ನ್ ನೋಡದವರಿಗೆ ಹೇಳುತ್ತೇನೆ. ಅದು ಅಡ್ಡ ಮಲಗಿಸಿದ ಒಂದು ದೊಡ್ಡ ಉಕ್ಕಿನ ಕೊಳವೆ. ಈಗಿನವು ಅರವತ್ತು ಎಪ್ಪತ್ತು ಮೀಟರ್ ಉದ್ದ ಇರುತ್ತವೆ. ಅಗಲ ನಾಲ್ಕು ಮೀಟರ್, ಕೆಲವು ಇನ್ನೂ ಜಾಸ್ತಿ. ತುಸು ಓರೆಯಾಗಿ ಕೂತು, ನಿಮಿಷಕ್ಕೆ ಮೂರ್ನಾಲ್ಕು ಸುತ್ತು ತಿರುಗುತ್ತಿರುತ್ತದೆ. ಮೇಲಿನ ಬಾಯಿಂದ ಸುಣ್ಣಕಲ್ಲಿನ ಪುಡಿ ಒಳಗೆ ಬರುತ್ತದೆ, ಕೆಳಗಿನ ಬಾಯಿಂದ ಬೆಂಕಿ ಊದುತ್ತಾರೆ. ಒಳಗಿನ ಸರಕು ಸುಮಾರು 1450 ಡಿಗ್ರಿಗೆ ಬಂದಾಗ ಕ್ಲಿಂಕರ್ ಆಗುತ್ತದೆ. ಅದನ್ನು ಬೀಸಿ ಜಿಪ್ಸಮ್ ಬೆರೆಸಿದರೆ ಸಿಮೆಂಟ್. ಆ ಶಾಖಕ್ಕೆ ಉಕ್ಕಿನ ಕೊಳವೆ ಬರಿಮೈಯಲ್ಲಿ ನಿಲ್ಲುವುದುಂಟೇ? ಅದಕ್ಕೇ ಒಳಗೆಲ್ಲ ಒಂದು ಗೇಣು ದಪ್ಪದ ಇಟ್ಟಿಗೆ. ಎಲ್ಲಾದರೂ ಒಂದು ಇಟ್ಟಿಗೆ ಕಳಚಿ ಬಿತ್ತು ಅಂದರೆ ಹೊರಗಿನ ಉಕ್ಕು ಅಷ್ಟು ಜಾಗದಲ್ಲಿ ಕೆಂಪಗಾಗುತ್ತದೆ. ರಾತ್ರಿ ಹೊತ್ತು ದೂರದಿಂದಲೇ ಕಾಣುತ್ತದೆ. ಚಿಕ್ಕವಳಿದ್ದಾಗ ನಮಗೆ ಅದು ಅಪ್ಪನಿಗೆ ಕೆಲಸ ಬಂತು ಅನ್ನುವ ಗುರುತು. ನಾನೂ ತಮ್ಮನೂ ಖುಷಿಪಡುತ್ತಿದ್ದೆವು. ಈಗ ನೆನೆದರೆ ಒಂಥರಾ ಅನಿಸುತ್ತದೆ.

ಕಿಲ್ನ್ ಆರಿಸಿದ ಮೇಲೆ ಒಳಗೆ ಕಾಲಿಡುವಷ್ಟು ತಣಿಯಲು ಒಂದೆರಡು ದಿನ ಬೇಕು. ಪೂರ್ತಿ ತಣಿಯುವವರೆಗೆ ಯಾರೂ ಕಾಯುವುದಿಲ್ಲ. ಬಂದ್ ಆದ ಒಂದೊಂದು ದಿನವೂ ಲುಕ್ಸಾನು. ಅಪ್ಪ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದ. ಹಳೆ ಇಟ್ಟಿಗೆ ಒಡೆದು ತೆಗೆಯೋದು, ಹೊಸದನ್ನು ಸುತ್ತಲೂ ಬಳೆಯ ಹಾಗೆ ಕೂರಿಸುತ್ತಾ ಬರೋದು, ಕೊನೆಗೆ ಕೀ ಇಟ್ಟಿಗೆ ಬಡಿದು ಬಿಗಿ ಮಾಡೋದು. ಸಡಿಲ ಉಳಿದರೆ ಉಕ್ಕಿನ ತಗಡು ಹೊಡೆಯುತ್ತಾರೆ. ಅದಕ್ಕೂ ಮೊದಲು ಒಂದು ಕೆಲಸ ಇತ್ತು. ಪ್ರತಿ ಇಟ್ಟಿಗೆಯನ್ನೂ ಸುತ್ತಿಗೆಯ ಹಿಡಿಯಿಂದ ಒಮ್ಮೆ ತಟ್ಟುತ್ತಿದ್ದ. ಠಣ್ ಅಂದರೆ ಒಳಗೆ, ದಬ್ ಅಂದರೆ ಪಕ್ಕಕ್ಕೆ.

ಇದರಲ್ಲಿ ಗುಟ್ಟೇನೂ ಇಲ್ಲ ಬಿಡಿ. ಸಂತೆಯಲ್ಲಿ ಅವ್ವ ಗಡಿಗೆ ಕೊಳ್ಳುವಾಗ ಮಾಡುವುದೂ ಅದೇ ಅಲ್ವಾ? ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಚ್ಚೋದು. ಬಿರುಕು ಬಿಟ್ಟ ಗಡಿಗೆ ಬಾಯಿ ಬಿಡುವುದಿಲ್ಲ.

ನಾನು ಸೆರಾಮಿಕ್ಸ್‌ಗೆ ಬಂದದ್ದು ಕನಸು ಕಂಡು ಅಲ್ಲ. 2008ರಲ್ಲಿ ಸಿಇಟಿ ರ್‍ಯಾಂಕ್ ನೋಡಿದಾಗ ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೆರಾಮಿಕ್ಸ್ ಮತ್ತು ಸಿಮೆಂಟ್ ಟೆಕ್ನಾಲಜಿ ಸಿಗುತ್ತಿತ್ತು. ಮನೆಯಿಂದ ರೈಲಿನಲ್ಲಿ ಓಡಾಡಬಹುದು. ಸಿಮೆಂಟ್ ಅನ್ನುವ ಪದ ಕೇಳಿ ಅಪ್ಪ ಹೂಂ ಅಂದ. ಅಷ್ಟೇ. ಎಲ್ಲಾ ಕಾಕಾಗಳೂ "ಟೈಲ್ಸ್ ಮಾಡೋದು ಕಲಿಸ್ತಾರಾ?" ಅಂತ ಕೇಳಿದರು. ಒಬ್ಬರು ಕಮೋಡ್ ಅಂದರು, ನಕ್ಕರು. ತಪ್ಪೇನಿಲ್ಲ, ಅವೂ ಸೆರಾಮಿಕ್ಸೇ. ಬೈಕಿನ ಸ್ಪಾರ್ಕ್ ಪ್ಲಗ್‌ನ ಬಿಳಿ ಭಾಗವೂ, ಕರೆಂಟ್ ಕಂಬದ ಪಿಂಗಾಣಿಯೂ, ಸೊಂಟದ ಕೀಲು ಬದಲಿಸುವಾಗ ಹಾಕುವ ಕೆಲವು ಗುಂಡುಗಳೂ, ಫೋನಿನೊಳಗಿನ ಸಾಸಿವೆಗಿಂತ ಸಣ್ಣ ಕೆಪಾಸಿಟರ್‌ಗಳೂ. ಆದರೆ ಈ ಲೋಕದ ಕೂಲಿಯಾಳು ಅಂದರೆ ರಿಫ್ರ್ಯಾಕ್ಟರಿ, ಬೆಂಕಿ ತಾಳುವ ಇಟ್ಟಿಗೆ. ಉಕ್ಕು, ಸಿಮೆಂಟ್, ಗಾಜು ಯಾವುದಕ್ಕೂ ಅದಿಲ್ಲದೆ ನಡೆಯಲ್ಲ. ಫ್ಯಾಕ್ಟರಿ ಉದ್ಘಾಟನೆಯ ಫೋಟೋದಲ್ಲಿ ಮಾತ್ರ ಅದು ಎಂದೂ ಇರಲ್ಲ.

ಸೆರಾಮಿಕ್ ಅಂತಲೇ ಹೆಸರಿಟ್ಟುಕೊಂಡ ವಿಭಾಗಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಬನಾರಸ್‌ನದು 1924ರಷ್ಟು ಹಳೆಯದು, ಈಗ ಐಐಟಿಯೊಳಗಿದೆ. ರೂರ್ಕೆಲಾದ ಎನ್‌ಐಟಿಯಲ್ಲಿದೆ, ಕೋಲ್ಕತ್ತಾದಲ್ಲಿ ಒಂದು ಸರ್ಕಾರಿ ಕಾಲೇಜಿದೆ. ಅದೇ ಊರಲ್ಲಿ ಗಾಜು ಮತ್ತು ಸೆರಾಮಿಕ್‌ಗೇ ಮೀಸಲಾದ ಸಿಎಸ್‌ಐಆರ್ ಸಂಶೋಧನಾ ಸಂಸ್ಥೆಯೂ ಇದೆ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ನಮಗಾಗಿ ಬೇರೆ ಪತ್ರಿಕೆ ಇಲ್ಲ. ಎಕ್ಸ್‌ಇ ಅನ್ನುವ ಇಂಜಿನಿಯರಿಂಗ್ ಸೈನ್ಸಸ್ ಪತ್ರಿಕೆ ಬರೆದು ಅದರೊಳಗೆ ಮೆಟೀರಿಯಲ್ ಸೈನ್ಸ್ ಆರಿಸಿಕೊಂಡೆ. ಎಂ.ಟೆಕ್ ಆಯಿತು. ಎರಡು ವರ್ಷ ಒಂದು ಇಟ್ಟಿಗೆ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ದುಡಿದೆ. 2016ರ ಜುಲೈನಲ್ಲಿ ಪಿಎಚ್‌.ಡಿಗೆ ಸೇರಿದೆ. ಎಲ್ಲಿ ಅಂತ ಹೇಳಲ್ಲ. ಮುಂದೆ ಒಂದೆರಡು ಗೋಳು ಹೇಳಿಕೊಳ್ಳುವುದಿದೆ, ಸುಮ್ನೆ ಯಾಕೆ?

ಆಗ ಫೆಲೋಶಿಪ್ ತಿಂಗಳಿಗೆ 25,000. ಎರಡು ವರ್ಷ ಆದ ಮೇಲೆ 28,000. 2019ರಲ್ಲಿ ದೇಶದ ತುಂಬಾ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಅದು 31,000 ಮತ್ತು 35,000 ಆಯಿತು. ಕಾಗದದ ಮೇಲೆ ಚೆನ್ನಾಗಿದೆ. ನಮ್ಮಲ್ಲಿ ಒಮ್ಮೆ ಐದು ತಿಂಗಳು ಬರಲೇ ಇಲ್ಲ. ಕೇಳಿದರೆ ಫೈಲು ಈ ಟೇಬಲ್, ಆ ಟೇಬಲ್. ಮೆಸ್ ಬಿಲ್‌ಗೆ ತಮ್ಮನ ಹತ್ತಿರ ಸಾಲ ಮಾಡಿದೆ. ಅವನು ಆಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. "ಅಕ್ಕಾ, ನೀ ಎಂ.ಟೆಕ್ ಅಲ್ಲೇನು?" ಅಂತ ಒಂದೇ ಒಂದು ಸಲ ಕೇಳಿದ. ಒಂದು ಸಲ ಸಾಕಾಯಿತು.

ನನ್ನ ವಿಷಯ ಸಿಮೆಂಟ್ ಕಿಲ್ನ್‌ನ ಅತಿ ಬಿಸಿ ಜಾಗದಲ್ಲಿ ಕೂರಿಸುವ ಇಟ್ಟಿಗೆ. ಮೆಗ್ನೀಷಿಯಾ ಅದರ ಮುಖ್ಯ ಸರಕು. ಸೇಲಂ ಹತ್ತಿರದ ಬಿಳಿ ಗುಡ್ಡಗಳಲ್ಲಿ ಸಿಗುವ ಮ್ಯಾಗ್ನೆಸೈಟ್ ಅದಿರನ್ನು ಸುಟ್ಟರೆ ಬರುವುದು ಅದೇ. ಸುಮಾರು 2800 ಡಿಗ್ರಿವರೆಗೆ ಕರಗಲ್ಲ. ಸಿಮೆಂಟಿನ ಸುಣ್ಣದ ಜೊತೆ ಜಗಳ ಆಡಲ್ಲ. ಆದರೆ ಒಂದು ಕೆಟ್ಟ ಗುಣ ಇದೆ. ಬಿಸಿಯಿಂದ ತಟ್ಟನೆ ತಣ್ಣಗಾದರೆ ಬಿರಿದುಬಿಡುತ್ತದೆ. ಅದಕ್ಕೆ ಸ್ಪಿನೆಲ್ ಅನ್ನುವ ಇನ್ನೊಂದು ಪುಡಿ ಬೆರೆಸುತ್ತಾರೆ. ಮೆಗ್ನೀಷಿಯಾ ಮತ್ತು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್, ಕೂಡಿ ಆದ ವಸ್ತು ಅದು. ಎಷ್ಟು ಬೆರೆಸಬೇಕು, ಕಾಳು ಎಷ್ಟು ದಪ್ಪ ಇರಬೇಕು, ಬೆರೆಸಿದರೆ ಒಳಗೆ ಏನಾಗುತ್ತದೆ? ಆರು ವರ್ಷ ಇದೇ.

ಪಿಎಚ್‌.ಡಿ ಅಂದರೆ ದಿನವೆಲ್ಲ ಯೋಚನೆ ಮಾಡುತ್ತಾ ಕೂರೋದು ಅಂದುಕೊಂಡಿದ್ದೆ. ಸೆರಾಮಿಕ್‌ನಲ್ಲಿ ಅದು ಅಡುಗೆಮನೆ ಕೆಲಸ. ತೂಕ ಮಾಡು, ಬಾಲ್ ಮಿಲ್‌ಗೆ ಹಾಕು, ರಾತ್ರಿಯಿಡೀ ಗಡಗಡ ತಿರುಗಲಿ. ಬೆಳಿಗ್ಗೆ ತೆಗೆ, ಒಣಗಿಸು, ಜರಡಿ ಹಿಡಿ. ಅಂಟಿಗೆ ಸ್ವಲ್ಪ ಬೈಂಡರ್ ಬೆರೆಸಿ ಉಕ್ಕಿನ ಡೈಗೆ ಸುರಿದು ಒತ್ತು. ಬೆರಳುದ್ದದ ಬಾರ್ ಹೊರಗೆ ಬರುತ್ತದೆ. ಈ ಹಸಿ ಬಾರ್ ಬಿಸ್ಕತ್ತಿಗಿಂತ ನಾಜೂಕು. ಡೈಯಿಂದ ಬಿಡಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದೆ. ಅರ್ಧ ಅಲ್ಲೇ ಮುರಿಯುತ್ತಿದ್ದವು. ಮೊದಲ ಆರು ತಿಂಗಳು ನಾನು ಕಲಿತದ್ದು ಡೈ ಒರೆಸುವ ಬಟ್ಟೆಗೆ ಎಷ್ಟು ಎಣ್ಣೆ ಹಚ್ಚಬೇಕು ಅನ್ನೋದು.

ಆಮೇಲೆ ಫರ್ನೇಸ್. ನಿಮಿಷಕ್ಕೆ ಮೂರು ಡಿಗ್ರಿಯಂತೆ ಏರಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ ಹಾಕಿದರೆ 1600 ಮುಟ್ಟಲು ಸಂಜೆ ಆರರ ಹತ್ತಿರ ಆಗುತ್ತದೆ. ಎರಡು ತಾಸು ಅಲ್ಲೇ ನಿಲ್ಲಿಸಬೇಕು. ತಣಿದು ಬಾಗಿಲು ತೆರೆಯಲು ಮರುದಿನ ಮಧ್ಯಾಹ್ನ. ಅಂದರೆ ಒಂದು ತಪ್ಪಿಗೆ ಎರಡು ದಿನದ ದಂಡ. ಲ್ಯಾಬಿನಲ್ಲಿ ಇದ್ದದ್ದು ಒಂದೇ ಫರ್ನೇಸ್, ಹೆಸರು ಬರೆಯಲು ಒಂದು ರಿಜಿಸ್ಟರ್, ಅದಕ್ಕೆ ಏಳು ಮಂದಿ ವಾರಸುದಾರರು. ಮದುವೆ ಮನೆ ಪಂಕ್ತಿಯಲ್ಲಿ ಕುರ್ಚಿಯ ಹಿಂದೆ ನಿಂತು ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದೆವು. ಅದರ ಹೀಟರ್ ಕಡ್ಡಿಗಳು ಮಾಲಿಬ್ಡಿನಮ್ ಡೈಸಿಲಿಸೈಡ್‌ನವು. ಉರಿಯಲ್ಲಿ ವರ್ಷಗಟ್ಟಲೆ ಬಾಳುತ್ತವೆ, ತಣ್ಣಗಿದ್ದಾಗ ಮೊಣಕೈ ತಾಗಿದರೆ ಪಟ್ ಅಂತ ಮುರಿಯುತ್ತವೆ. ಮುರಿದವಳು ನಾನು. ಹೊಸದು ಬರಲು ಎರಡೂವರೆ ತಿಂಗಳು. ಉಳಿದ ಆರು ಮಂದಿ ನನ್ನನ್ನು ಕ್ಯಾಂಟೀನಿಗೆ ಕರೆಯೋದು ಬಿಟ್ಟಿದ್ದರು.

ಮೊದಲ ಮಳೆಗಾಲದ್ದು ಬೇರೆಯದೇ ಕಥೆ. ಮೆಗ್ನೀಷಿಯಾ ಪುಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೆಂಚಿನ ಕೆಳಗೆ ಇಟ್ಟಿದ್ದೆ. ಮೂರು ವಾರ ಬಿಡದೆ ಮಳೆ. ಆಮೇಲೆ ಒತ್ತಿ ಸುಟ್ಟ ಬಾರ್‌ಗಳೆಲ್ಲ ಬಾಯಿ ಬಿಟ್ಟುಕೊಂಡು ಹೊರಬಂದವು. ಗಾಳಿಯ ತೇವ ಕುಡಿದು ಅದು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಆಗಿತ್ತು. ಫರ್ನೇಸ್ ಒಳಗೆ ಆ ನೀರು ಬಿಟ್ಟು ಹೋಗುವಾಗ ಬಾರ್ ಸೀಳಿತ್ತು. ಫೋನಿನಲ್ಲಿ ಹೇಳಿದಾಗ ಅಪ್ಪ ಒಂದು ಕ್ಷಣ ಸುಮ್ಮನಿದ್ದ. "ಮಳಿಗಾಲದಾಗ ಆ ಇಟ್ಟಿಗಿ ನಾವು ತಾಡಪತ್ರಿ ಹೊಚ್ಚಿ ಇಡ್ತಿದ್ವಿ. ನೀ ನೋಡಿಲ್ಲೇನು?" ನೋಡಿದ್ದೆ. ಆ ತಾಡಪತ್ರಿ ಕೆಳಗೆ ಕಣ್ಣಾಮುಚ್ಚಾಲೆ ಆಡಿದ್ದೆ. ಅದರ ಮೇಲೆ ಎರಡು ವರ್ಷ ಇಟ್ಟಿಗೆ ಕಂಪನಿಯ ಸಂಬಳ ಬೇರೆ ತಿಂದಿದ್ದೆ.

ಈಗ ಬಕೆಟ್‌ನ ಕಥೆಗೆ ಬರುತ್ತೇನೆ.

ಎರಡನೇ ವರ್ಷದ ಕೊನೆ. ಬರೀ ಮೆಗ್ನೀಷಿಯಾದ ಬಾರ್‌ಗಳು ಚೆನ್ನಾಗಿ ಬರತೊಡಗಿದ್ದವು. ಅಭ್ಯಾಸ ಬಲ ನೋಡಿ, ಫರ್ನೇಸಿನಿಂದ ತೆಗೆದ ಒಂದೊಂದನ್ನೂ ಎರಡು ಬೆರಳ ತುದಿಯಲ್ಲಿ ಹಿಡಿದು ಸ್ಪ್ಯಾಚುಲಾದಿಂದ ತಟ್ಟುತ್ತಿದ್ದೆ. ಟಿಣ್ ಅನ್ನುತ್ತಿದ್ದವು. ಸಣ್ಣ ದನಿ, ದೇವರ ಮನೆ ಗಂಟೆಯ ಹಾಗೆ. ಆಮೇಲೆ ಸ್ಪಿನೆಲ್ ಬೆರೆಸಿದ ಮೊದಲ ಸರದಿ ಬಂತು. ಹದಿನೈದು ಬಾರ್. ನೋಡಲು ಒಂದರಂತೆ ಒಂದು. ಕಣ್ಣಿಗೆ ಕಾಣುವ ಬಿರುಕು ಇರಲಿಲ್ಲ. ತಟ್ಟಿದೆ. ಟಕ್. ಇನ್ನೊಂದು ತಟ್ಟಿದೆ. ಅದೂ ಟಕ್. ಹದಿನೈದೂ ಹಾಗೆಯೇ. ಮರ ತಟ್ಟಿದಂತೆ.

ಫರ್ನೇಸ್ ಬೇಗ ತಣಿಸಿಬಿಟ್ಟೆನೇನೋ, ಒಳಗೆ ಬಿರುಕು ಬಿಟ್ಟಿವೆ ಅಂದುಕೊಂಡೆ. ಅಪ್ಪನ ಶಾಸ್ತ್ರದ ಪ್ರಕಾರ ಪಕ್ಕಕ್ಕೆ. ಮುರಿದ ಚೂರು ಹಾಕುವ ನೀಲಿ ಬಕೆಟ್ಟಿಗೆ ಹಾಕಿದೆ. ಪುಸ್ತಕದಲ್ಲಿ "ಬ್ಯಾಚ್ ಕೆಟ್ಟಿದೆ" ಅಂತ ಬರೆದು ಗೆರೆ ಎಳೆದೆ. ಇನ್ನೊಂದು ಸರದಿ ಮಾಡಿದೆ, ಇನ್ನೂ ನಿಧಾನವಾಗಿ ತಣಿಸಿದೆ. ಅವೂ ಟಕ್ ಅಂದವು. ಆಗ ಅಳು ಬಂತು.

ಗೈಡ್ ಮೇಡಂ ಜಾಸ್ತಿ ಮಾತಾಡುವವರಲ್ಲ. ನನ್ನ ಪುಸ್ತಕ ತಿರುವಿ ಹಾಕಿ, ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದರು. ತಟ್ಟಿ ನೋಡಿದೆ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಎರಡು ಸರದಿಯೂ ಒಂದೇ ಥರ ದನಿ ಮಾಡಿದರೆ ಅದು ಆಕಸ್ಮಿಕ ಹೇಗಾಗುತ್ತದೆ, ಆ ಬಾರ್‌ಗಳು ಎಲ್ಲಿವೆ ಅಂದರು.

ಬಕೆಟ್ ಇನ್ನೂ ಖಾಲಿ ಆಗಿರಲಿಲ್ಲ. ಲ್ಯಾಬ್ ಗುಡಿಸುವ ದೀದಿ ಭಾರ ಅಂತ ಎತ್ತಿರಲಿಲ್ಲ, ನನ್ನ ಪುಣ್ಯ. ಎರಡು ವಾರದ ಕ್ರೂಸಿಬಲ್ ಚೂರು, ಮುರಿದ ಪೆಲೆಟ್, ಚಹಾದ ಕಪ್ಪು ಎಲ್ಲದರ ಕೆಳಗಿನಿಂದ ಹನ್ನೊಂದು ಬಾರ್ ಇಡಿಯಾಗಿ ಸಿಕ್ಕವು. ಪೆನ್ಸಿಲಿನಲ್ಲಿ ಬರೆದ ನಂಬರ್ ಅಳಿಸಿರಲಿಲ್ಲ.

ಅವನ್ನು ತೊಳೆಯದೆ, ಬ್ರಷ್‌ನಿಂದ ಒರೆಸಿ, ಒಣಗಿಸಿ, ಪಕ್ಕದ ವಿಭಾಗದ ಒಂದು ಯಂತ್ರಕ್ಕೆ ಒಯ್ದೆವು. ಯಂತ್ರ ಅಂದರೆ ದೊಡ್ಡದೇನಲ್ಲ. ಎರಡು ಸಣ್ಣ ಆಸರೆಗಳ ಮೇಲೆ ಬಾರ್ ಅಡ್ಡ ಇಡಬೇಕು. ಆಸರೆ ಎರಡೂ ತುದಿಯಿಂದ ಉದ್ದದ ಶೇಕಡಾ 22.4ರಷ್ಟು ಒಳಗಿರಬೇಕು. ಬಾರ್ ನಡುಗುವಾಗ ಅಲುಗದೆ ನಿಲ್ಲುವ ಜಾಗ ಅದೇ. ಒಂದು ಪುಟ್ಟ ಸುತ್ತಿಗೆಯಿಂದ ನಟ್ಟನಡುವೆ ತಟ್ಟಬೇಕು. ಮೈಕು ದನಿ ಹಿಡಿಯುತ್ತದೆ. ಕಂಪ್ಯೂಟರ್ ಅದರ ಕಂಪನ ಸೆಕೆಂಡಿಗೆ ಎಷ್ಟು ಅಂತ ಹೇಳುತ್ತದೆ. ಅದರಿಂದ ಬಾರ್ ಎಷ್ಟು ಬಿಗಿ, ಅಂದರೆ ಯಂಗ್ಸ್ ಮಾಡ್ಯುಲಸ್, ಲೆಕ್ಕ ಸಿಗುತ್ತದೆ. ಅದು ಕಂಪನದ ವರ್ಗಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. ಕಂಪನ ಅರ್ಧಕ್ಕೆ ಇಳಿದರೆ ಬಿಗಿ ಕಾಲುಭಾಗ. ಮೊದಲ ಸಲ ಆ ಪುಟ್ಟ ಸುತ್ತಿಗೆ ಕೈಗೆ ಕೊಟ್ಟಾಗ ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ. ಅಪ್ಪನ ಕೆಲಸಕ್ಕೆ ಇಷ್ಟು ದೊಡ್ಡ ಹೆಸರು, ಒಂದು ಅಮೆರಿಕನ್ ಸ್ಟ್ಯಾಂಡರ್ಡ್ ನಂಬರ್ ಬೇರೆ.

ನನ್ನ ಕಿವಿ ಸುಳ್ಳು ಹೇಳಿರಲಿಲ್ಲ. ಸ್ಪಿನೆಲ್ ಬಾರ್‌ಗಳ ಕಂಪನ ಬಹಳ ಕೆಳಗಿತ್ತು. ಒಳಗೆ ಬಿರುಕೂ ಇದ್ದವು. ನಯ ಮಾಡಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟಾಗ ಕಂಡವು. ಪ್ರತಿ ಸ್ಪಿನೆಲ್ ಕಾಳಿನ ಸುತ್ತ ಕೂದಲಿಗಿಂತ ತೆಳುವಾದ ಗೆರೆಗಳು, ಸೂರ್ಯನ ಚಿತ್ರದಲ್ಲಿ ಮಕ್ಕಳು ಎಳೆಯುವ ಕಿರಣಗಳಂತೆ.

ಕಾರಣ ಸರಳ. ಒಂದು ಮೀಟರ್ ಉದ್ದದ ಮೆಗ್ನೀಷಿಯಾ ಕಂಬಿಯನ್ನು ಸಾವಿರ ಡಿಗ್ರಿ ಕಾಯಿಸಿದರೆ ಸುಮಾರು 13 ಮಿಲಿಮೀಟರ್ ಹಿಗ್ಗುತ್ತದೆ. ಸ್ಪಿನೆಲ್ 8–9 ಅಷ್ಟೇ. ತಣಿಯುವಾಗ ಅದೇ ತಿರುಗಾಮುರುಗಾ. ಮೆಗ್ನೀಷಿಯಾ ಜಾಸ್ತಿ ಕುಗ್ಗಲು ನೋಡುತ್ತದೆ, ನಡುವಿನ ಸ್ಪಿನೆಲ್ ಕಾಳು ಜಗ್ಗುವುದಿಲ್ಲ. ನಮ್ಮಜ್ಜಿ ನೆಲಕ್ಕೆ ಮಣ್ಣು ಮೆತ್ತುವಾಗ ಹರಳು ಆರಿಸಿ ಬಿಸಾಕುತ್ತಿದ್ದಳು. ಒಂದು ಹರಳು ಉಳಿದರೂ ಒಣಗಿದ ಮೇಲೆ ಅಲ್ಲಿಂದಲೇ ಸೀಳು. ಇಟ್ಟಿಗೆ ಮಾಡುವವರು ಬೇಕೆಂದೇ ಹರಳು ಬೆರೆಸುತ್ತಾರೆ.

ಯಾಕೆ ಅಂದರೆ, ಇಲ್ಲಿದೆ ನನಗೆ ಆರು ವರ್ಷ ಹಿಡಿದಿಟ್ಟ ಮಾತು. ಎರಡೂ ಥರದ ಬಾರ್‌ಗಳನ್ನು ಸಾವಿರ ಡಿಗ್ರಿಗೆ ಕಾಯಿಸಿ ಹೊರಗೆಳೆದು ಗಾಳಿ ಹೊಡೆದೆ. ಮತ್ತೆ ಒಳಗೆ, ಮತ್ತೆ ಹೊರಗೆ. ಟಿಣ್ ಅನ್ನುತ್ತಿದ್ದ ಬಾರ್‌ಗಳು ಮೊದಲು ಎಷ್ಟೋ ಗಟ್ಟಿ. ಆದರೆ ಕೆಲವೇ ಸುತ್ತುಗಳಲ್ಲಿ ಅವುಗಳ ಶಕ್ತಿ ದಿಢೀರ್ ಅಂತ ಕುಸಿಯಿತು, ಒಂದೆರಡು ಕೈಯಲ್ಲೇ ಎರಡು ತುಂಡಾದವು. ಟಕ್ ಅನ್ನುವವು ಮೊದಲಿನಿಂದಲೂ ಬಡಕಲು. ಆದರೆ ಇದ್ದಷ್ಟು ಶಕ್ತಿಯನ್ನು ಉಳಿಸಿಕೊಂಡೇ ಇದ್ದವು. 1969ರಲ್ಲಿ ಹ್ಯಾಸಲ್‌ಮನ್ ಅನ್ನುವವರು ಇದರ ಲೆಕ್ಕ ಬರೆದಿಟ್ಟಿದ್ದಾರೆ. ಬಿರುಕೇ ಇಲ್ಲದಂತಿರುವ ಗಟ್ಟಿ ವಸ್ತುವಿನಲ್ಲಿ ಒತ್ತಡ ತುಂಬಿಕೊಳ್ಳುತ್ತಾ ಹೋಗುತ್ತದೆ, ಒಂದು ಬಿರುಕು ಹೊರಟರೆ ನಿಲ್ಲದೆ ಓಡುತ್ತದೆ. ಮೊದಲೇ ಸಾವಿರ ಸಣ್ಣ ಬಿರುಕು ಇದ್ದರೆ ಆ ಒತ್ತಡ ಹಂಚಿಹೋಗುತ್ತದೆ, ಯಾವುದೂ ದೂರ ಹೋಗಲ್ಲ. ಆ ಪ್ರಬಂಧ ನಾನು ಮೊದಲ ಸೆಮಿಸ್ಟರಿನಲ್ಲೇ ಓದಿದ್ದೆ. ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಆದರೂ ಬಾರ್ ಕೈಗೆ ಬಂದಾಗ ಬಕೆಟ್ಟಿಗೆ ಹಾಕಿದೆ.

ಮೊದಲ ಪೇಪರ್ ವಾಪಸ್ ಬಂತು. ಒಂದೊಂದು ಬಗೆಗೆ ಐದು ಬಾರ್ ಮುರಿದರೆ ಸಾಲದು, ಸೆರಾಮಿಕ್ ಶಕ್ತಿ ಒಂದರಂತೆ ಇನ್ನೊಂದು ಇರಲ್ಲ, ಆ ಏರುಪೇರು ಅಳೆಯುವ ವೈಬುಲ್ ಲೆಕ್ಕಕ್ಕೆ ಮೂವತ್ತಾದರೂ ಬೇಕು ಅಂತ ವಿಮರ್ಶಕರು ಬರೆದಿದ್ದರು. ಬೈದುಕೊಂಡೆ. ಆದರೆ ಅವರು ಹೇಳಿದ್ದು ಸರಿ. ಮೂವತ್ತರ ಲೆಕ್ಕದಲ್ಲಿ ನಾಲ್ಕು ಬಗೆ, ಅದಕ್ಕೆ ಫರ್ನೇಸ್ ರಿಜಿಸ್ಟರಿನ ಸಾಲು. ಒಂದು ವರ್ಷ ಹಾಗೇ ಹೋಯಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿ ಅಂದರು. ದೇಶದ ಮೊದಲ ಕೋವಿಡ್ ಸಾವು ಆದದ್ದೇ ಕಲಬುರಗಿಯಲ್ಲಿ. ಗೆಳತಿಯರು ಅಲ್ಲಿಗೆ ಹೋಗಬೇಡ ಅಂದರು. ಮತ್ತೆಲ್ಲಿಗೆ ಹೋಗಲಿ? ಲಾಕ್‌ಡೌನ್‌ಗೆ ಮೂರು ದಿನ ಮೊದಲು ವಾಡಿಯಲ್ಲಿ ಇಳಿದೆ. ಅಲ್ಲಿಂದ ಏಳು ತಿಂಗಳು ಮನೆಯಲ್ಲೇ. ಥೀಸಿಸ್ ಬರೆಯಲು ಕೂತೆ.

ಮೊದಲ ಅಧ್ಯಾಯದಲ್ಲಿ ಹಿನ್ನೆಲೆ ಬರೆಯಬೇಕು. ನಮ್ಮ ವಿಷಯದ ಪ್ರತಿ ಪೇಪರ್‌ನಲ್ಲೂ ಒಂದು ಸಾಲು ಇರುತ್ತದೆ. ಹಿಂದೆ ಕಿಲ್ನ್‌ಗೆ ಮೆಗ್ನೀಷಿಯಾ-ಕ್ರೋಮ್ ಇಟ್ಟಿಗೆ ಬಳಸುತ್ತಿದ್ದರು, ಪರಿಸರದ ಕಾರಣಕ್ಕೆ ಅದನ್ನು ಬಿಟ್ಟು ಸ್ಪಿನೆಲ್‌ಗೆ ಬಂದರು. ನಾನೂ ಅದನ್ನೇ ಬರೆದೆ. ಪರಿಸರದ ಕಾರಣ ಅಂದರೆ ಏನು? ಕಿಲ್ನ್‌ನ ಕ್ಷಾರಗಳು ಇಟ್ಟಿಗೆಯ ಕ್ರೋಮ್ ಜೊತೆ ಸೇರಿ ಹಳದಿ ಉಪ್ಪಾಗುತ್ತವೆ. ಅದರಲ್ಲಿರುವುದು ಆರರ ಕ್ರೋಮಿಯಂ, ಅಂದರೆ ಹೆಕ್ಸಾವೇಲೆಂಟ್ ಅನ್ನುವ ವಿಷಕಾರಿ ರೂಪ. ನೀರಿನಲ್ಲಿ ಕರಗುತ್ತದೆ, ಚರ್ಮ ಕೊರೆಯುತ್ತದೆ, ಉಸಿರಲ್ಲಿ ಹೋದರೆ ಕ್ಯಾನ್ಸರ್ ತರುತ್ತದೆ.

ಬರೆದು ತಲೆ ಎತ್ತಿದೆ. ಅಪ್ಪ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದ.

"ಅಪ್ಪಾ, ಹಳೇ ಇಟ್ಟಿಗಿ ಒಡಿವಾಗ ಹಳದಿ ಹಳದಿ ಏನರ ಇರ್ತಿತ್ತಾ?"

"ಇರ್ತಿತ್ತಲ್ಲ. ಅರಿಶಿಣದಂಗ. ನೀರು ಹತ್ತಿದ್ರ ಕೈಗಿ ಬಣ್ಣ ಬರ್ತಿತ್ತು. ಯಾಕ?"

ಅವನ ಬೆರಳ ಸಂದಿಗಳಲ್ಲಿ ಹಳೆಯ ಗುಂಡಗಿನ ಕಲೆಗಳಿವೆ. ಚಳಿಗಾಲದಲ್ಲಿ ಅಂಗೈ ಬಿರಿದು ರಕ್ತ ಬರುತ್ತದೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಸಿಮೆಂಟಿನಿಂದಲೂ ಹಾಗಾಗುತ್ತದೆ, ಇದರಿಂದಲೇ ಅಂತ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ. ಏನೋ ಸುಮ್ನೆ ಕೇಳಿದೆ ಅಂದೆ. ಅವನು ಮತ್ತೆ ಶೇಂಗಾಕ್ಕೆ ಕೈ ಹಾಕಿದ. ಥೀಸಿಸ್‌ನಲ್ಲಿ "ಪರಿಸರದ ಕಾರಣ" ಅನ್ನೋದನ್ನು ಹೊಡೆದು ಹಾಕಿ "ಇಟ್ಟಿಗೆ ಕಟ್ಟುವ ಮತ್ತು ಕೆಡವುವ ಕಾರ್ಮಿಕರ ಆರೋಗ್ಯದ ಕಾರಣ" ಅಂತ ಬರೆದೆ. ಮೇಡಂ ಅದನ್ನು ತಿದ್ದಲಿಲ್ಲ.

ಅದೇ ದಿನಗಳಲ್ಲಿ ಬಕೆಟ್ ಕಥೆಯನ್ನೂ ಹೇಳಿದೆ. ಅಪ್ಪನಿಗೆ ಈ ಹೊಸ ಸ್ಪಿನೆಲ್ ಇಟ್ಟಿಗೆಗಳು ಮೊದಲಿನಿಂದಲೂ ಸೇರಿರಲಿಲ್ಲವಂತೆ. ಕಿಲ್ನ್‌ನ ಇನ್ನೊಂದು ಕಡೆಗೆ ಹಾಕುವ ಅಲ್ಯುಮಿನಾ ಇಟ್ಟಿಗೆ ಒಳ್ಳೆ ದನಿ ಮಾಡುತ್ತದೆ, ಇವು ಮಾಡಲ್ಲ. "ಮಾತಾಡವಲ್ದು. ಸತ್ತಂಗ ಇರ್ತದ." ಮೊದಮೊದಲು ಸಾಲು ಸಾಲೇ ಪಕ್ಕಕ್ಕೆ ಇಟ್ಟು ಇಂಜಿನಿಯರ್ ಹತ್ತಿರ ಬೈಸಿಕೊಂಡಿದ್ದಾನೆ. ಬಿರುಕು ಇರೋದರಿಂದಲೇ ಅದು ಬಾಳುತ್ತದೆ ಅಂತ ನಾನು ವಿವರಿಸಿದೆ. ಕೇಳಿದ. "ಹಂಗಂದ್ರ ಖರೇನೇ ಒಡದ ಇಟ್ಟಿಗಿ ಹ್ಯಾಂಗ ಗುರ್ತ ಹಿಡೀಬೇಕು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನೇ ಹೇಳಿದ: "ಟಕ್ ಅಂದ್ರ ಹುಟ್ಟಿದ್ದೇ ಹಂಗ. ಝರ್ ಅಂದ್ರ ಒಡದದ." ಸಣ್ಣ ಬಿರುಕು ದನಿಯನ್ನು ತಗ್ಗಿಸುತ್ತದೆ, ದೊಡ್ಡ ಬಿರುಕಿನ ಎರಡು ಮುಖ ಒಂದಕ್ಕೊಂದು ಉಜ್ಜಿ ಝರ್ ಅನ್ನುತ್ತದೆ. ವಾಪಸ್ ಹೋದ ಮೇಲೆ ನನ್ನ ಹಳೆ ರೆಕಾರ್ಡಿಂಗ್‌ಗಳನ್ನು ತೆಗೆದು ದನಿ ಎಷ್ಟು ಬೇಗ ಆರುತ್ತದೆ ಅನ್ನುವ ಲೆಕ್ಕವನ್ನೂ ಮಾಡಿದೆ. ನಾಲ್ಕನೇ ಅಧ್ಯಾಯದ ಕೊನೆಯ ಹನ್ನೆರಡು ಪುಟ ಅದೇ.

ವೈವಾ 2022ರಲ್ಲಿ, ಆನ್‌ಲೈನ್. ಹೊರಗಿನ ಪರೀಕ್ಷಕರು ಕೇಳಿದ್ದು ನಾನು ಹೆದರಿದ್ದ ಪ್ರಶ್ನೆಯನ್ನೇ. ನಿಮ್ಮ ಬೆರಳುದ್ದದ ಬಾರ್‌ಗೂ ನಿಜವಾದ ಕಿಲ್ನ್‌ಗೂ ಏನು ಸಂಬಂಧ? ಕಿಲ್ನ್‌ನ ಕೊಳವೆ ತಿರುಗುವಾಗ ಪೂರ್ತಿ ದುಂಡಗೆ ಇರಲ್ಲ, ಅದನ್ನು ಹೊತ್ತ ಉಕ್ಕಿನ ಬಳೆ, ಅಂದರೆ ಟೈರ್, ಇರುವಲ್ಲಿ ಪ್ರತಿ ಸುತ್ತಿಗೂ ತುಸು ಚಪ್ಪಟೆಯಾಗಿ ಇಟ್ಟಿಗೆಗಳನ್ನು ಹಿಚುಕುತ್ತದೆ, ಅದು ನನ್ನ ಪ್ರಯೋಗದಲ್ಲಿ ಇಲ್ಲ ಅಂತ ಒಪ್ಪಿಕೊಂಡೆ. ಬರೀ ಬಿಸಿ-ತಂಪಿನ ಹೊಡೆತಕ್ಕೆ ಮಾತ್ರ ನನ್ನ ಮಾತು ಅಂದೆ. ಟೈರ್ ವಿಷಯ ಯಾವ ಪುಸ್ತಕದಲ್ಲಿ ಓದಿದಿರಿ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. "ಟೈರ್ ಹತ್ರ ಕಿಲ್ನ್ ಉಸಿರಾಡ್ತದ, ಅಲ್ಲಿ ಇಟ್ಟಿಗಿ ಜಲ್ದಿ ಹೋಗ್ತದ" ಅನ್ನೋದು ಮನೆಯಲ್ಲಿ ಊಟ ಮಾಡುವಾಗ ಕೇಳಿದ ಮಾತು.

ಡಿಗ್ರಿ ಬಂದ ಮೇಲೆ ಊರಿಗೆ ಹೋದಾಗ ಎರಡು ಬಾರ್ ಒಯ್ದಿದ್ದೆ. ಒಂದು ಟಿಣ್, ಒಂದು ಟಕ್. ಅವ್ವ ಎರಡನ್ನೂ ಅಂಗೈಯಲ್ಲಿಟ್ಟು ತೂಗಿದಳು. "ಆರು ವರ್ಷ ಇದನ್ನೇ ಬಡಕೋತ ಕುಂತಿದ್ದೇನವಾ?" ಅಂದಳು. ಅಪ್ಪ ಎರಡನ್ನೂ ತಟ್ಟಿ, ಏನೂ ಹೇಳದೆ, ದಾಡಿ ಸಾಮಾನಿನ ಜೊತೆ ಬಚ್ಚಲಮನೆಯ ಗೂಡಿನಲ್ಲಿ ಇಟ್ಟುಕೊಂಡ. ಪಕ್ಕದಲ್ಲೇ ನೀರು ಕಾಯಿಸುವ ಹಂಡೆ. ದಿನಾ ಹಬೆ. ಮೆಗ್ನೀಷಿಯಾಕ್ಕೆ ಹಬೆ ಅಂದರೆ ಏನು ಅಂತ ನನಗೆ ಹೇಳಬೇಕಾಗಿಲ್ಲ. ಆದರೂ ಅಲ್ಲಿಂದ ತೆಗಿ ಅನ್ನಲು ಬಾಯಿ ಬರಲಿಲ್ಲ.

ಮುಂದಿನ ವರ್ಷ ಶ್ರಾವಣದಲ್ಲಿ ಅವ್ವ ಫೋನ್ ಮಾಡಿದಳು. ಹಬ್ಬಕ್ಕೆ ಬರುತ್ತೀಯಾ, ರಜೆ ಎಷ್ಟು ದಿನ, ಅಲ್ಲಿ ಮಳೆ ಹೇಗಿದೆ, ಎಲ್ಲಾ ಕೇಳಿದ ಮೇಲೆ ನೆನಪಾದವಳಂತೆ ಹೇಳಿದಳು.

"ನಿನ್ನ ಆ ಕಲ್ಲಿನ ಮೂಲಿ ಉದುರ್ಲಾಕತ್ತಿತ್ತು. ಬಿಳಿ ಪುಡಿ. ಕಸದಾಗ ಹೊಡದು ಚೆಲ್ಲೀನಿ ನೋಡವಾ. ಬ್ಯಾಕಿತ್ತೇನು?"